ಇಸವಿ ಒಂದು, ಬ್ರೌಸರ್ ಹಲವು: ಗಡಿನಾಡಿನ ಸಾಹಿತ್ಯಸೂಚಿಯಲ್ಲಿ ವರ್ಷಗಳನ್ನು ನಂಬುವಂತೆ ಇಡುವುದು

ಕನ್ನಡ ಎಂ.ಎ. ಓದುವವರು ಜಾವಾಸ್ಕ್ರಿಪ್ಟ್ ಬಗ್ಗೆ ಮಾತಾಡುವುದು ಎಂತಕ್ಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಉಂಟು. ಗಡಿನಾಡಿನ ಲೇಖಕರು, ಕೃತಿಗಳು, ಶಾಸನಗಳು, ಹಸ್ತಪ್ರತಿಗಳು ಇವುಗಳ ಸೂಚಿಯನ್ನು ನಮ್ಮಲ್ಲಿ ಹಲವರು ಈಗ ಎಕ್ಸೆಲ್ ಹಾಳೆಯಲ್ಲಿ ತಯಾರು ಮಾಡಿ, ಆಮೇಲೆ ಒಂದು ವೆಬ್ ಪುಟಕ್ಕೆ ಏರಿಸ್ತಾರೆ. ಆ ಪುಟದಲ್ಲಿ ಇಸವಿಯನ್ನು ಓದಿ, ಕಾಲಕ್ರಮಕ್ಕೆ ಜೋಡಿಸಿ, ತೋರಿಸುವ ಕೆಲಸ ಜಾವಾಸ್ಕ್ರಿಪ್ಟಿನದ್ದು. ಅದು ಓಡುವುದು ನಮ್ಮ ಕಂಪ್ಯೂಟರಿನಲ್ಲಿ ಅಲ್ಲ, ಓದುಗರ ಬ್ರೌಸರಿನಲ್ಲಿ. ಕಾಸರಗೋಡಿನ ಮೊಬೈಲು, ಸೊಲ್ಲಾಪುರದ ಗ್ರಂಥಾಲಯದ ಹಳೆಯ ಕಂಪ್ಯೂಟರು, ಕ್ಯಾಲಿಫೋರ್ನಿಯದಲ್ಲಿರುವ ನಮ್ಮೂರಿನವರ ಲ್ಯಾಪ್‌ಟಾಪು, ಈ ಮೂರರಲ್ಲೂ ಒಂದೇ ಪುಟ ಬೇರೆ ಬೇರೆ ಇಸವಿ ತೋರಿಸುವ ಸಾಧ್ಯತೆ ನಿಜವಾಗಿಯೂ ಇದೆ. ಗಡಿನಾಡಿನ ಸಾಹಿತ್ಯಕ್ಕೆ ಅಚ್ಚಾದ ಚರಿತ್ರೆ ಕಡಿಮೆ. ಸೂಚಿಯಲ್ಲಿ ಒಮ್ಮೆ ಬಿದ್ದ ಇಸವಿ ಪ್ರಬಂಧಕ್ಕೆ ಹೋಗ್ತದೆ, ಪ್ರಬಂಧದಿಂದ ಇನ್ನೊಂದು ಪ್ರಬಂಧಕ್ಕೆ ಹೋಗ್ತದೆ. ಮತ್ತೆ ಅದನ್ನು ಹಿಡಿದು ತಿದ್ದುವವರು ಯಾರು?

ಒಂದು ಉದಾಹರಣೆಯಿಂದ ತೊಡಗುತ್ತೇನೆ. ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ್ದು 1915ರ ಜೂನ್ 8ರಂದು, ತೀರಿಕೊಂಡದ್ದು 2015ರ ಆಗಸ್ಟ್ 9ರಂದು. ನೂರು ವರ್ಷ ಬಾಳಿದವರು. ನಾವು ಸಾಮಾನ್ಯವಾಗಿ ಬರೆಯುವ ಹಾಗೆ ದಿನ, ತಿಂಗಳು, ಎರಡು ಅಂಕಿಯ ವರ್ಷ ಅಂತ ಬರೆದರೆ ಹುಟ್ಟು 08/06/15, ಸಾವು 09/08/15. ಎರಡರಲ್ಲೂ ವರ್ಷ 15. ಮೊದಲನೆಯದನ್ನು ಜಾವಾಸ್ಕ್ರಿಪ್ಟಿನ ಡೇಟ್‌ಗೆ ಕೊಟ್ಟು ಕ್ರೋಮ್‌ನಲ್ಲಿ ಓಡಿಸಿದರೆ ಬರುವ ಉತ್ತರ 2015ರ ಆಗಸ್ಟ್ 6. ಎರಡು ಸಂಗತಿ ಒಟ್ಟಿಗೆ ನಡೆದಿವೆ. ಓರೆಗೆರೆ ಹಾಕಿದ ದಿನಾಂಕವನ್ನು ಕ್ರೋಮ್ ಅಮೆರಿಕದ ಕ್ರಮದಲ್ಲಿ ಓದ್ತದೆ, ಮೊದಲು ತಿಂಗಳು, ಆಮೇಲೆ ದಿನ. ಮತ್ತೆ, ಎರಡು ಅಂಕಿಯ ವರ್ಷ 49 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2000 ಸೇರಿಸ್ತದೆ, 50ರಿಂದ 99 ಆದರೆ 1900. ಹೀಗಾಗಿ ಸಾವಿನ ದಿನಾಂಕವನ್ನು ಪೂರ್ತಿಯಾಗಿ ಸರಿ ಬರೆದಿದ್ದರೂ ಕವಿ ತೀರಿಕೊಳ್ಳುವ ಮೂರು ದಿನ ಮೊದಲು ಹುಟ್ಟಿದ ಹಾಗಾಯ್ತು! ಇದರಲ್ಲಿ ಕ್ರೋಮ್‌ನ ತಪ್ಪೇನೂ ಇಲ್ಲ. ಇಂಥ ಬರಹವನ್ನು ಹೇಗೆ ಓದಬೇಕೆಂದು ಭಾಷೆಯ ನಿಯಮಗ್ರಂಥವೇ ಹೇಳುವುದಿಲ್ಲ, ಆಯಾ ಬ್ರೌಸರಿಗೆ ಬಿಟ್ಟಿದೆ. ನಿಯಮ ಇಲ್ಲದಲ್ಲಿ ಒಂದು ಬ್ರೌಸರ್ ಕೊಟ್ಟ ಉತ್ತರವನ್ನೇ ಇನ್ನೊಂದೂ ಕೊಡ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ನಮಗೆ ಮರೆಯಲಾಗದ ಇನ್ನೊಂದು ದಿನಾಂಕ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1. ಇದನ್ನು 01/11/56 ಅಂತ ಕೊಟ್ಟರೆ ವರ್ಷ 1956 ಅಂತಲೇ ಬರ್ತದೆ, ತಿಂಗಳು ಮಾತ್ರ ಜನವರಿ ಆಗ್ತದೆ. ನನ್ನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಅಪಾಯಕಾರಿ. ಇಸವಿ ಸರಿ ಕಂಡದ್ದರಿಂದ ಯಾರೂ ಪರೀಕ್ಷೆ ಮಾಡುವುದಿಲ್ಲ.

ಈ ಎರಡಂಕಿಯ ರೋಗ ಎಲ್ಲಿಂದ ಬಂತು? ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. ದಿನಾಂಕದ ಭಾಗವನ್ನು ಆಗಿನ ಜಾವಾ ಭಾಷೆಯಿಂದ ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡರು. ಅದರಲ್ಲಿ ಗೆಟ್‌ಇಯರ್ ಅಂತ ಒಂದು ಕ್ರಿಯೆ ಇತ್ತು. ಹೆಸರು ‘ವರ್ಷ ಕೊಡು’ ಅಂತ ಇದ್ದರೂ ಅದು ಕೊಡುವುದು ವರ್ಷದಿಂದ 1900 ಕಳೆದು ಉಳಿದ ಸಂಖ್ಯೆಯನ್ನು. 1995ಕ್ಕೆ 95. ಪುಟ ಮಾಡುವವರು ಮುಂದೆ ‘19’ ಅಂತ ಅಂಟಿಸಿ 1995 ತೋರಿಸ್ತಿದ್ದರು. 2000ದ ಜನವರಿ 1ಕ್ಕೆ ಗೆಟ್‌ಇಯರ್ 100 ಕೊಟ್ಟಿತು, ಎಷ್ಟೋ ಪುಟಗಳಲ್ಲಿ 19100 ಅಂತ ಬಂತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಹಳೆಯ ಆವೃತ್ತಿಗಳ ದಾರಿಯೇ ಬೇರೆ: 1900ರಿಂದ 1999ರ ವರೆಗೆ ಎರಡು ಅಂಕಿ, ಅದರಿಂದ ಆಚೆಗೆ ಪೂರ್ತಿ ನಾಲ್ಕು ಅಂಕಿ. ಹಾಗಾಗಿ ಅದೇ ಪುಟ ಒಂದರಲ್ಲಿ 19100, ಇನ್ನೊಂದರಲ್ಲಿ 192000. ಕೆಲವರು ‘ಅಂಟಿಸುವುದು ಬೇಡ, 1900 ಕೂಡಿಸುವಾ’ ಅಂತ ತಿದ್ದಿದರು. ನೆಟ್‌ಸ್ಕೇಪ್‌ನಲ್ಲಿ ಅದು ಸರಿಯಾಯ್ತು, ಎಕ್ಸ್‌ಪ್ಲೋರರ್‌ನಲ್ಲಿ 3900 ಆಯ್ತು.

ಪರಿಹಾರ 1997ರ ನಿಯಮಗ್ರಂಥದ ಮೊದಲ ಆವೃತ್ತಿಯಲ್ಲೇ ಇತ್ತು, ಗೆಟ್‌ಫುಲ್‌ಇಯರ್. ಇದು ಎಲ್ಲ ಬ್ರೌಸರುಗಳಲ್ಲೂ ಪೂರ್ಣ ವರ್ಷವನ್ನೇ ಕೊಡ್ತದೆ. ಆದರೂ ಹಳೆಯ ಪುಟಗಳು ಮುರಿಯಬಾರದು ಅಂತ ಗೆಟ್‌ಇಯರ್ ಅನ್ನು ಇವತ್ತಿಗೂ ತೆಗೆದಿಲ್ಲ. ಯಾವುದೋ ಹಳೆಯ ಪಾಠದಿಂದ ನಕಲು ಮಾಡಿದ ಸಾಲಿನಲ್ಲಿ ಅದು ಕಂಡರೆ ಕೂಡಲೇ ಬದಲಾಯಿಸಿ. ಡೇಟ್‌ಗೆ ವರ್ಷ, ತಿಂಗಳು, ದಿನ ಮೂರನ್ನೂ ಸಂಖ್ಯೆಯಾಗಿ ಕೊಡುವಾಗಲೂ ಆ ಕಾಲದ ನೆರಳು ಉಳಿದಿದೆ. ವರ್ಷ 0ರಿಂದ 99ರ ಒಳಗಿದ್ದರೆ ತಾನಾಗಿ 1900 ಸೇರ್ತದೆ. ಕ್ರಿ.ಶ. ಮೊದಲ ಶತಮಾನದ ವರ್ಷವನ್ನೇ ಹೇಳಬೇಕಿದ್ದರೆ ಬೇರೊಂದು ದಿನಾಂಕ ಮಾಡಿಕೊಂಡು ಸೆಟ್‌ಫುಲ್‌ಇಯರ್‌ನಿಂದ ವರ್ಷ ಹಾಕಬೇಕು. ತಿಂಗಳ ಎಣಿಕೆ ಸೊನ್ನೆಯಿಂದ ಅಂತ ಬೇರೆ ಉಂಟು, ನವೆಂಬರ್ ಅಂದರೆ 10. ಅದು ಎಲ್ಲ ಕಡೆಯೂ ಒಂದೇ ರೀತಿ ಇರುವುದರಿಂದ ಇವತ್ತಿನ ವಿಷಯ ಅಲ್ಲ.

ಈಗ ನಮ್ಮ ಸೂಚಿಗಳಿಗೆ ಹೆಚ್ಚು ಹತ್ತಿರದ ಸಂಗತಿಗೆ ಬರುವಾ. ನಮ್ಮಲ್ಲಿ ಹೆಚ್ಚಿನ ದಾಖಲೆಗಳಿಗೆ ದಿನಾಂಕವೇ ಇರುವುದಿಲ್ಲ, ಇಸವಿ ಮಾತ್ರ ಇರ್ತದೆ. ‘1915’ ಅಂತ ಉದ್ಧರಣ ಚಿಹ್ನೆಯೊಳಗೆ, ಅಂದರೆ ಅಕ್ಷರಮಾಲೆಯಾಗಿ ಡೇಟ್‌ಗೆ ಕೊಟ್ಟರೆ ಅದು 1915ರ ಜನವರಿ 1, ಯುಟಿಸಿ ಮಧ್ಯರಾತ್ರಿ ಆಗ್ತದೆ. ಚಿಹ್ನೆ ಬಿಟ್ಟು ಬರೀ ಸಂಖ್ಯೆಯಾಗಿ 1915 ಕೊಟ್ಟರೆ? 1970ರ ಜನವರಿ 1 ಶುರುವಾಗಿ 1915 ಮಿಲಿಸೆಕೆಂಡು, ಅಂದರೆ ಎರಡು ಸೆಕೆಂಡಿಗೂ ಕಡಿಮೆ ಆದ ಕ್ಷಣ. ಎಕ್ಸೆಲ್‌ನಿಂದ ಹೊರಬಂದ ಕಡತದಲ್ಲಿ ಒಂದು ಸಾಲಿಗೆ ಚಿಹ್ನೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಒಬ್ಬ ಕವಿ 1915ಕ್ಕೆ, ಇನ್ನೊಬ್ಬ 1970ಕ್ಕೆ. ಎಕ್ಸೆಲ್ ಬಗ್ಗೆ ಒಂದು ಮಾತು: ಅದು 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕ ಅಂತ ಗುರುತಿಸುವುದಿಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ತದೆ. 1883ರಲ್ಲಿ ಹುಟ್ಟಿದ ಗೋವಿಂದ ಪೈಗಳು ಅಕ್ಷರ, 1915ರ ಕಯ್ಯಾರರು ದಿನಾಂಕ. ಒಂದೇ ಕಾಲಂನಲ್ಲಿ ಎರಡು ಜಾತಿ.

ಖಾಲಿ ಬಿಟ್ಟ ಇಸವಿಯ ಕಥೆ ಇನ್ನೂ ತಮಾಷೆಯದು. ಕುಂಬಳೆಯ ಪಾರ್ತಿಸುಬ್ಬನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರಾಮಾಣಿಕವಾಗಿ ಆ ಜಾಗವನ್ನು ಖಾಲಿ ಬಿಟ್ಟೆವು ಅನ್ನಿ. ಖಾಲಿ ಎಂಬುದನ್ನು ಜಾವಾಸ್ಕ್ರಿಪ್ಟಿನಲ್ಲಿ ‘ನಲ್’ ಅಂತ ಇಟ್ಟರೆ ಡೇಟ್ ಅದನ್ನು ಸೊನ್ನೆ ಅಂತ ತಿಳಿದು 1970ರ ಜನವರಿ 1 ಕೊಡ್ತದೆ. ಯಕ್ಷಗಾನ ಪ್ರಸಂಗಗಳ ಪಿತಾಮಹ ಕೇರಳ ಏಕೀಕರಣ ಆಗಿ ಹದಿಮೂರು ವರ್ಷದ ಮೇಲೆ ಬಂದು ನಿಲ್ತಾನೆ. ಖಾಲಿ ಅಕ್ಷರಮಾಲೆಯಾಗಿ ಇಟ್ಟರೆ ‘ಇನ್‌ವ್ಯಾಲಿಡ್ ಡೇಟ್’ ಬರ್ತದೆ. ಅದೇ ಖಾಲಿ ಅಕ್ಷರಮಾಲೆಯನ್ನು ನಂಬರ್ ಕ್ರಿಯೆಯಿಂದ ಸಂಖ್ಯೆ ಮಾಡಲು ಹೋದರೆ ಸೊನ್ನೆ. ಮೂರೂ ಬೇರೆ ಬೇರೆ. ‘ಗೊತ್ತಿಲ್ಲ’ ಎನ್ನುವುದೂ ಒಂದು ಮಾಹಿತಿ. ಅದನ್ನು ಯಂತ್ರ ತುಂಬಿಸಿಬಿಡದ ಹಾಗೆ ಮೊದಲೇ ಖಾಲಿಯೋ ಅಂತ ಕೇಳಿ ಬದಿಗಿಡಬೇಕು.

ಯುಟಿಸಿ ಅಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟ್ ಅನ್ನುವುದು ಒಳಗೆ ಒಂದು ಕ್ಷಣ, ಕ್ಯಾಲೆಂಡರಿನ ದಿನ ಅಲ್ಲ. ‘1915’ ಅಥವಾ ‘1915-01-01’ ಅಂತ ಕೊಟ್ಟಾಗ ಆ ಕ್ಷಣ ಯುಟಿಸಿ ಮಧ್ಯರಾತ್ರಿ. ಭಾರತದಲ್ಲಿ ಆಗ ಬೆಳಗ್ಗೆ ಐದೂವರೆ, ಗೆಟ್‌ಫುಲ್‌ಇಯರ್ ಕೇಳಿದರೆ 1915. ನ್ಯೂಯಾರ್ಕಿನಲ್ಲಿ ಇನ್ನೂ ಹಿಂದಿನ ಸಂಜೆ, ಅಲ್ಲಿಯ ಬ್ರೌಸರ್ 1914 ಅಂತ ಹೇಳ್ತದೆ. ಪುಟ ಮಾಡಿದವರು ಇಲ್ಲಿ ಎಷ್ಟು ಸಲ ನೋಡಿದರೂ ಸರಿಯೇ ಕಾಣ್ತದೆ. ಇದರ ತಿರುಗುಮುರುಗು ತೊಂದರೆ ನಮಗೇ ಬರ್ತದೆ. 1915, 0, 1 ಅಂತ ಸಂಖ್ಯೆಗಳಿಂದ ದಿನಾಂಕ ಮಾಡಿದರೆ ಅದು ಇಲ್ಲಿಯ ಸ್ಥಳೀಯ ಮಧ್ಯರಾತ್ರಿ. ಅದನ್ನು ಉಳಿಸಿಡಲು ಟುಐಎಸ್ಓಸ್ಟ್ರಿಂಗ್ ಬಳಸಿದರೆ 1914ರ ಡಿಸೆಂಬರ್ 31, ಸಂಜೆ ಆರೂವರೆ ಅಂತ ಬರೆಯಲ್ಪಡ್ತದೆ. ಮೊದಲ ನಾಲ್ಕು ಅಂಕಿ ಕತ್ತರಿಸಿ ‘ಇಸವಿ’ ಅಂದರೆ ಒಂದು ವರ್ಷ ಹೋಯ್ತು. 1906ಕ್ಕೆ ಮೊದಲು ಈಗಿನ ಐದೂವರೆ ಗಂಟೆಯ ಲೆಕ್ಕವೂ ಇರಲಿಲ್ಲ. ಬ್ರೌಸರುಗಳು ಬಳಸುವ ಕಾಲವಲಯದ ದತ್ತಾಂಶದಲ್ಲಿ ಭಾರತಕ್ಕೆ ಆಗ ಮದ್ರಾಸ್ ಸಮಯ, ಯುಟಿಸಿಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. 1883ರ ಜನವರಿ 1ನ್ನು ಹೀಗೆ ಉಳಿಸಿದರೆ ಇವತ್ತಿನ ಬ್ರೌಸರಿನಲ್ಲಿ 1882ರ ಡಿಸೆಂಬರ್ 31, 18:38:50 ಬರ್ತದೆ. ಹಳೆಯ ಬ್ರೌಸರುಗಳು ಚರಿತ್ರೆ ನೋಡದೆ ಇವತ್ತಿನ ಐದೂವರೆಯನ್ನೇ ಹಿಂದಕ್ಕೂ ಹಾಕ್ತಿದ್ದವು.

ಆಮೇಲೆ ಸಫಾರಿ. ದಿನಾಂಕಕ್ಕೂ ವೇಳೆಗೂ ನಡುವೆ ‘ಟಿ’ ಅಕ್ಷರದ ಬದಲು ಜಾಗ ಬಿಟ್ಟು ಬರೆದರೆ ಅದರ ಹಳೆಯ ಆವೃತ್ತಿಗಳು ಇನ್‌ವ್ಯಾಲಿಡ್ ಡೇಟ್ ಅಂತ ಕೈ ಎತ್ತುತ್ತಿದ್ದವು, ಕ್ರೋಮ್ ಓದ್ತಿತ್ತು. ಐಫೋನ್ ಇಟ್ಟುಕೊಂಡವರಿಗೆ ಮಾತ್ರ ಪುಟ ಖಾಲಿ ಕಾಣುವ ಪ್ರಕರಣಗಳ ಹಿಂದೆ ಬಹಳ ಸಲ ಇದೇ ಇರ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ಸಾಹಿತ್ಯಸೂಚಿಯಲ್ಲಿ ಇಸವಿಯನ್ನು ಡೇಟ್ ಮಾಡಲೇಬಾರದು. ಇಸವಿ ಒಂದು ಪೂರ್ಣಾಂಕ. ಅದನ್ನು ಪೂರ್ಣಾಂಕವಾಗಿಯೇ ಇಟ್ಟರೆ ಕಾಲವಲಯ ಇಲ್ಲ, ಅಮೆರಿಕದ ಕ್ರಮ ಇಲ್ಲ, 1970 ಇಲ್ಲ. ದಿನ, ತಿಂಗಳು ಗೊತ್ತಿದ್ದರೆ ಅವನ್ನೂ ಬೇರೆ ಬೇರೆ ಸಂಖ್ಯೆಗಳಾಗಿ ಇಡಬಹುದು. ಕ್ಷಣವೇ ಬೇಕಾದಲ್ಲಿ ಡೇಟ್‌ಡಾಟ್‌ಯುಟಿಸಿ ಇಂದ ಮಾಡಿ, ಗೆಟ್‌ಯುಟಿಸಿಫುಲ್‌ಇಯರ್‌ನಿಂದಲೇ ಓದಬೇಕು. ಹೋಗುವಾಗ ಯುಟಿಸಿ ಬರುವಾಗ ಸ್ಥಳೀಯ ಅಂತ ಬೆರೆಸಬಾರದು.

ಪೂರ್ಣಾಂಕ ಮಾಡುವಾಗಲೂ ನಮ್ಮ ಕಡೆಯದ್ದೇ ಆದ ತೊಡಕುಗಳಿವೆ. ಕನ್ನಡ ಅಂಕಿಯಲ್ಲಿ ‘೧೯೧೫’ ಅಂತ ಬರೆದದ್ದನ್ನು ಜಾವಾಸ್ಕ್ರಿಪ್ಟ್ ಸಂಖ್ಯೆ ಅಂತ ಒಪ್ಪುವುದೇ ಇಲ್ಲ. ನಂಬರ್‌ಗೆ ಕೊಟ್ಟರೂ ಪಾರ್ಸ್‌ಇಂಟ್‌ಗೆ ಕೊಟ್ಟರೂ ‘ಸಂಖ್ಯೆಯಲ್ಲ’ ಎಂಬ ಉತ್ತರ. ಸೊಲ್ಲಾಪುರ, ಜತ್ತದ ಕಡೆಯ ದಾಖಲೆಯಲ್ಲಿ ದೇವನಾಗರಿ ಅಂಕಿ, ಆದವಾನಿ, ರಾಯದುರ್ಗದ ಕಡೆ ತೆಲುಗು ಅಂಕಿ, ನಮ್ಮಲ್ಲಿ ಮಲಯಾಳಂ ಅಂಕಿ ಬರುವ ಸಾಧ್ಯತೆಯೂ ಇದೆ. ಯುನಿಕೋಡ್ ಇಲ್ಲಿ ಉಪಕಾರ ಮಾಡಿದೆ. ಪ್ರತಿ ಲಿಪಿಯಲ್ಲೂ ಸೊನ್ನೆಯಿಂದ ಒಂಬತ್ತು ಸಾಲಾಗಿ ಕೂತಿವೆ. ಸೊನ್ನೆಯ ಕ್ರಮಸಂಖ್ಯೆ ದೇವನಾಗರಿಗೆ 2406, ತಮಿಳಿಗೆ 3046, ತೆಲುಗಿಗೆ 3174, ಕನ್ನಡಕ್ಕೆ 3302, ಮಲಯಾಳಕ್ಕೆ 3430. ಅಕ್ಷರದ ಕ್ರಮಸಂಖ್ಯೆಯಿಂದ ಆಯಾ ಸೊನ್ನೆಯದನ್ನು ಕಳೆದರೆ ಅಂಕಿ ಸಿಕ್ಕಿತು. ನಾಲ್ಕು ಸಾಲಿನ ಕೋಡ್, ಯಾವ ಬ್ರೌಸರಿನಲ್ಲೂ ವ್ಯತ್ಯಾಸ ಇಲ್ಲ. ಒಂದೇ ಎಚ್ಚರಿಕೆ: ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಟೈಪ್ ಮಾಡುವಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಿದ್ದಿದ್ದರೆ ಓದಿ ಹಿಡಿಯಲು ಸಾಧ್ಯವಿಲ್ಲ, ಕೋಡ್ ಮಾತ್ರ ಹಿಡಿದೀತು.

ಪಾರ್ಸ್‌ಇಂಟ್ ಉದಾರಿ. ‘1956-57’ ಕೊಟ್ಟರೆ 1956 ತೆಗೆದುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಸಾಡ್ತದೆ. ನಂಬರ್ ಕಟ್ಟುನಿಟ್ಟು, ಒಪ್ಪುವುದಿಲ್ಲ. ಸೂಚಿಗೆ ಕಟ್ಟುನಿಟ್ಟೇ ಒಳ್ಳೆಯದು. ಕ್ರಮಕ್ಕೆ ಜೋಡಿಸುವಾಗಲೂ ನೋಡಿ: ಸಾರ್ಟ್ ಎಂಬ ಕ್ರಿಯೆ ಏನೂ ಹೇಳದಿದ್ದರೆ ಸಂಖ್ಯೆಗಳನ್ನೂ ಅಕಾರಾದಿಯ ಹಾಗೆ ಜೋಡಿಸ್ತದೆ, 1956 ಮೊದಲು, 941 ಆಮೇಲೆ. ಪಂಪ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಂದವನಾಗ್ತಾನೆ. ಹೋಲಿಸುವ ಕ್ರಮವನ್ನು ನಾವೇ ಕೊಡಬೇಕು. ತೋರಿಸುವಾಗ ಟುಲೊಕೇಲ್‌ಸ್ಟ್ರಿಂಗ್ ಹಾಕಿದರೆ 1,956 ಅಂತ ಅಲ್ಪವಿರಾಮ ಸೇರ್ತದೆ, ಇಸವಿಗೆ ಅದು ಬೇಡ.

ಪಂಪನ ಹೆಸರು ಬಂತಲ್ಲ, ಅಲ್ಲೇ ನಿಜವಾದ ಕಷ್ಟ ಇರುವುದು. ಇವತ್ತಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ಆದಿಪುರಾಣಕ್ಕೆ ಹೇಳುವ ಕಾಲ ಶಕ 863, ಪ್ಲವ ಸಂವತ್ಸರ. ಸೂಚಿಯಲ್ಲಿ ‘863’ ಅಂತ ಮಾತ್ರ ಇಟ್ಟರೆ ಯಾವ ಬ್ರೌಸರಿಗೂ ಅದು ಶಕ ಅಂತ ಗೊತ್ತಾಗುವುದಿಲ್ಲ. ಗಡಿನಾಡಿನಲ್ಲಿ ಇದು ದಿನನಿತ್ಯದ ಸಮಸ್ಯೆ. ಅದೇ 1956ರ ನವೆಂಬರ್ 1 ಶಕದಲ್ಲಿ 1878, ಕೊಲ್ಲವರ್ಷದಲ್ಲಿ 1132, ಮದ್ರಾಸ್ ಪ್ರಾಂತದ ಕಂದಾಯದ ಫಸಲಿಯಲ್ಲಿ 1366. ಒಂದು ದಿನಕ್ಕೆ ನಾಲ್ಕು ವರ್ಷ, ನಾಲ್ಕೂ ನಾಲ್ಕಂಕಿ, ನಾಲ್ಕೂ ಯಂತ್ರದ ಕಣ್ಣಿಗೆ ಸರಿಯಾದ ಇಸವಿಯ ಹಾಗೇ ಕಾಣ್ತವೆ. ಮತ್ತೆ ಕ್ರಿ.ಶ. ಬಿಟ್ಟರೆ ಯಾವುದೂ ಜನವರಿ 1ಕ್ಕೆ ಶುರುವಾಗುವುದಿಲ್ಲ. ಶಕ ಯುಗಾದಿಗೆ, ಫಸಲಿ ಜುಲೈ 1ಕ್ಕೆ, ಕೊಲ್ಲವರ್ಷ ದಕ್ಷಿಣ ಕೇರಳದಲ್ಲಿ ಚಿಂಗಂ ತಿಂಗಳಿಗೆ, ಉತ್ತರದಲ್ಲಿ ಹಳೆಯ ವಾಡಿಕೆಯಂತೆ ಕನ್ನಿಗೆ. ನಿಜಾಮರ ಸೀಮೆಯ ಫಸಲಿಯ ಆರಂಭ ಮದ್ರಾಸಿನದ್ದಕ್ಕಿಂತ ಬೇರೆ. ಆದ್ದರಿಂದ ಕೊಲ್ಲವರ್ಷ 1132 ಅಂತ ಮಾತ್ರ ಇದ್ದರೆ ಅದನ್ನು 1956 ಅಂತ ಬರೆಯುವುದು ಅರ್ಧ ಸತ್ಯ, 1956ರಿಂದ 1957ರ ವರೆಗೆ ಅಂತ ಎರಡು ಸಂಖ್ಯೆ ಇಡಬೇಕು.

ಈಗಿನ ಬ್ರೌಸರುಗಳಲ್ಲಿ ಇಂಟ್ಲ್ ಅಂತ ಒಂದು ಸೌಲಭ್ಯ ಇದೆ. ಅದಕ್ಕೆ ಭಾರತೀಯ ಕ್ಯಾಲೆಂಡರ್ ಬೇಕು ಅಂದರೆ ಶಕವರ್ಷ ಹೇಳ್ತದೆ, ಬೇಕಿದ್ದರೆ ಕನ್ನಡ ಅಂಕಿಯಲ್ಲೇ. ನೋಡಿದರೆ ಖುಷಿಯಾಗ್ತದೆ. ಆದರೆ ಅದು 1957ರ ಮಾರ್ಚ್ 22ರಿಂದ ಜಾರಿಗೆ ಬಂದ ಸರಕಾರಿ ರಾಷ್ಟ್ರೀಯ ಪಂಚಾಂಗ, ಸೌರಮಾನದ್ದು. 1956ರ ನವೆಂಬರ್ 1 ಅದರ ಪ್ರಕಾರ ಕಾರ್ತಿಕ 10. ನಮ್ಮ ಮನೆಯ ಚಾಂದ್ರಮಾನ ಪಂಚಾಂಗದಲ್ಲಿ ಆ ದಿನ ಇನ್ನೂ ಆಶ್ವಯುಜ ಬಹುಳ, ದೀಪಾವಳಿಯ ಮುನ್ನಾದಿನಗಳು. ಶಾಸನದ ಶಕ ಇದಲ್ಲ. ಶಾಸನ ಓದಲು ಇದನ್ನು ಬಳಸಬಾರದು. ಜೊತೆಗೆ, ಜಾವಾಸ್ಕ್ರಿಪ್ಟ್ 1582ಕ್ಕೆ ಹಿಂದಿನ ಕಾಲಕ್ಕೂ ಗ್ರೆಗೋರಿಯನ್ ಲೆಕ್ಕವನ್ನೇ ಎಳೀತದೆ, ಇತಿಹಾಸಕಾರರು ಆ ಕಾಲಕ್ಕೆ ಜೂಲಿಯನ್ ದಿನಾಂಕ ಕೊಡ್ತಾರೆ. ಪಂಪನ ಕಾಲಕ್ಕೆ ವ್ಯತ್ಯಾಸ ಐದು ದಿನ.

ಹಾಗಾದರೆ ಪ್ರತಿ ದಾಖಲೆಗೆ ಏನು ಇಡುವುದು? ಮೂಲದಲ್ಲಿ ಇದ್ದ ಹಾಗೇ ಬರಹ, ಯಾವ ಶಕೆ ಎಂಬ ಹೆಸರು, ಕ್ರಿ.ಶ.ದಲ್ಲಿ ಆರಂಭ ಮತ್ತು ಕೊನೆ ಎಂಬ ಎರಡು ಪೂರ್ಣಾಂಕ. ಮೂಲದ ಬರಹವನ್ನು ಯಾವ ಕಾರಣಕ್ಕೂ ಅಳಿಸಬಾರದು. ಲೆಕ್ಕ ತಪ್ಪಿದ್ದರೆ ನಾಳೆ ಇನ್ನೊಬ್ಬರು ಅಲ್ಲಿಂದ ಮತ್ತೆ ಶುರು ಮಾಡಬಹುದು. ಕಾಲನಿರ್ಣಯಕ್ಕೆ ಆಯುಷ್ಯದ ದೊಡ್ಡ ಪಾಲು ಕೊಟ್ಟ ಮಂಜೇಶ್ವರದ ಗೋವಿಂದ ಪೈಗಳ ಊರಿನ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪುಟ ಏರಿಸುವ ಮೊದಲು ‘1915’, ೧೯೧೫, 56, ಖಾಲಿ ಜಾಗ, 1956-57, ಶಕ 863 ಇಷ್ಟನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ, ಕಂಪ್ಯೂಟರಿನ ಕಾಲವಲಯವನ್ನು ಒಮ್ಮೆ ಕೋಲ್ಕತ್ತ ಒಮ್ಮೆ ನ್ಯೂಯಾರ್ಕ್ ಅಂತ ಬದಲಿಸಿ ಓಡಿಸಿ ನೋಡಿ. ಅರ್ಧ ಗಂಟೆಯ ಕೆಲಸ.

ಚರ್ಚೆಯಲ್ಲಿ ಗುರುಗಳೊಬ್ಬರು ಕೇಳಿದ ಪ್ರಶ್ನೆ: ಹಸ್ತಪ್ರತಿಯ ಕೊನೆಯಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದು ಶಕ ಇಲ್ಲದಿದ್ದರೆ?

ಸರ್, ಅದಕ್ಕೆ ಒಂದು ಇಸವಿ ಕೊಡಲು ಯಂತ್ರಕ್ಕೆ ಆಗುವುದಿಲ್ಲ, ಆದರೆ ಪಟ್ಟಿ ಕೊಡಬಹುದು. ಶಕವರ್ಷಕ್ಕೆ 11 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷಕ್ಕೆ ಒಂದು ಸೇರಿಸಿದಾಗ ನಮ್ಮ ದಕ್ಷಿಣದ ಕ್ರಮದಲ್ಲಿ ಸಂವತ್ಸರದ ಸ್ಥಾನ ಸಿಗ್ತದೆ. 863ಕ್ಕೆ ಮಾಡಿ ನೋಡಿ, 35 ಬರ್ತದೆ, ಪ್ಲವ. ಪಂಪ ಹೇಳಿದ್ದಕ್ಕೆ ಸರಿಹೊಂದಿತು. ಶಕವೂ ಸಂವತ್ಸರವೂ ಎರಡೂ ಇರುವ ದಾಖಲೆಗೆ ಇದು ಒಳ್ಳೆಯ ತಾಳೆ, ಹೊಂದದಿದ್ದರೆ ಶಾಸನದವರು ಗತವರ್ಷ, ವರ್ತಮಾನ ವರ್ಷ ಅಂತ ಬೇರೆ ಎಣಿಸಿದ್ದಾರೋ ನೋಡಬೇಕಾಗ್ತದೆ. ಹೆಸರು ಮಾತ್ರ ಇದ್ದರೆ ತಿರುಗಿಸಿ ಲೆಕ್ಕ ಹಾಕುವುದು. ದುರ್ಮುಖಿ ಅಂತ ಇದ್ದರೆ 1836-37, 1896-97, 1956-57. ಪುಟ ಮೂರನ್ನೂ ತೋರಿಸಲಿ. ಕಾಗದ, ಲಿಪಿ, ಭಾಷೆ ನೋಡಿ ಅದರಲ್ಲಿ ಯಾವುದು ಅಂತ ಹೇಳುವವರು ನೀವು.